ಕೋವಿ ಹುಟ್ಟಿದ ದಿನ



ಅಮೆರಿಕದ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಕೋವಿಯೆಂದು ಲೆಕ್ಕಕ್ಕೇ ಬಾರದ ಕೋವಿಗಳಿವೆ. ಅವು ಗುಂಡು ಹಾರಿಸಬಲ್ಲವು, ಆಳನ್ನು ಕೊಲ್ಲಬಲ್ಲವು. ಆದರೂ ಕಾನೂನಿನ ಪ್ರಕಾರ ಕೋವಿಗಳಲ್ಲ. ಕಾರಣ ಇಷ್ಟೆ: ಅವು 1898ನೇ ಇಸವಿ ಮುಗಿಯುವುದರೊಳಗೆ ತಯಾರಾದವು. ಆ ವರ್ಷದ ಡಿಸೆಂಬರಿನ ಕೊನೆಯ ಪಾಳಿಯಲ್ಲಿ ಒಬ್ಬ ಕೆಲಸಗಾರ ಮಾಡಿಟ್ಟ ರಿವಾಲ್ವರು ಪುರಾತನ ವಸ್ತು. ಜನವರಿಯ ಮೊದಲ ಪಾಳಿಯಲ್ಲಿ ಅದೇ ಕೆಲಸಗಾರ ಅದೇ ಮೇಜಿನ ಮೇಲೆ ಮಾಡಿದ್ದು ಆಯುಧ. ಮೊದಲನೆಯದನ್ನು ಇನ್ನೊಂದು ರಾಜ್ಯದಿಂದ ನೇರವಾಗಿ ಮನೆಬಾಗಿಲಿಗೆ ತರಿಸಿಕೊಂಡರೆ ಕೇಂದ್ರದ ಆಕ್ಷೇಪವಿಲ್ಲ. ಎರಡನೆಯದು ಬೇಕಾದರೆ ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ಬರಬೇಕು, ಅರ್ಜಿ ತುಂಬಬೇಕು, ಕೊಳ್ಳುವವರ ಪೂರ್ವಾಪರದ ತಪಾಸಣೆ ಆಗಬೇಕು.

ಈ ಗೆರೆಯನ್ನು ಎಳೆದದ್ದು 1968ರ ಗನ್ ಕಂಟ್ರೋಲ್ ಆಕ್ಟ್. ಅಧ್ಯಕ್ಷ ಕೆನಡಿಯವರನ್ನು 1963ರಲ್ಲಿ ಕೊಂದದ್ದು ಅಂಚೆಯಲ್ಲಿ ತರಿಸಿಕೊಂಡ ಇಟಲಿಯ ಹಳೆಯ ಸೇನಾ ರೈಫಲ್ಲು. 1968ರ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನಿನಲ್ಲಿ ರಾಬರ್ಟ್ ಕೆನಡಿ ಕೊಲೆಯಾದರು. ಅದೇ ಅಕ್ಟೋಬರಿನಲ್ಲಿ ಲಿಂಡನ್ ಜಾನ್ಸನ್ ಈ ಕಾಯ್ದೆಗೆ ಸಹಿ ಹಾಕಿದರು. ಅಜ್ಜನ ಕಾಲದ ಕೋವಿಯನ್ನು ಗೋಡೆಗೆ ತೂಗುಹಾಕಿದವರಿಗೆ, ಸಂಗ್ರಹಕಾರರಿಗೆ ತೊಂದರೆಯಾಗದಿರಲಿ ಎಂದು ಇಟ್ಟ ರಿಯಾಯಿತಿಯೇ ಈ 1898. ಆಗ ಅದು ಎಪ್ಪತ್ತು ವರ್ಷ ಹಿಂದಿನ ಮಾತು, ಈಗ ನೂರ ಇಪ್ಪತ್ತೈದು ದಾಟಿದೆ. ಕಾಲ ಸರಿದರೂ ಗೆರೆ ಸರಿದಿಲ್ಲ. ಕೇಂದ್ರದ ನಿಯಮಗಳಲ್ಲೇ ಸರಿಯುವ ಗೆರೆಯೂ ಒಂದಿದೆ. ಐವತ್ತು ವರ್ಷ ತುಂಬಿದ ಕೋವಿಯನ್ನು ಸಂಗ್ರಹಯೋಗ್ಯ ಎಂದು ಪರಿಗಣಿಸುವ ನಿಯಮ ಅದು. ಆದರೆ ಅಂಥ ಕೋವಿ ಆಯುಧವಾಗಿಯೇ ಉಳಿಯುತ್ತದೆ. ಸಂಗ್ರಹಕಾರನಿಗೆ ಒಂದಿಷ್ಟು ಅನುಕೂಲ, ಅಷ್ಟೆ.

ಇಲ್ಲಿಯವರೆಗೆ ಎಲ್ಲ ಸರಳವಾಗಿ ಕಾಣುತ್ತದೆ. ದಿನಾಂಕಕ್ಕಿಂತ ಗಟ್ಟಿಯಾದ ಆಧಾರ ಕಾನೂನಿಗೆ ಇನ್ನೇನು ಬೇಕು? ಕ್ಯಾಲೆಂಡರು ಎಲ್ಲರಿಗೂ ಒಂದೇ. ಆದರೆ ಕೋವಿ ಒಂದೇ ದಿನ ಒಂದೇ ತುಂಡಾಗಿ ಹುಟ್ಟುವ ವಸ್ತುವಲ್ಲ. ಇವತ್ತು ಚೌಕಟ್ಟು ತಯಾರಾಗುತ್ತದೆ. ನಳಿಗೆ ಇನ್ನೊಂದು ಶೆಡ್ಡಿನಲ್ಲಿ, ಇನ್ನೊಂದು ತಿಂಗಳಲ್ಲಿ. ಬಿಡಿಭಾಗಗಳು ಉಗ್ರಾಣದಲ್ಲಿ ಕುಳಿತಿರುತ್ತವೆ. ಬೇಡಿಕೆ ಬಂದಾಗ ಜೋಡಣೆ, ಆಮೇಲೆ ರವಾನೆ. ಮನೆ ಕಟ್ಟಿದ್ದು ಯಾವಾಗ ಎಂದು ಕೇಳಿದರೆ ನಮ್ಮಲ್ಲಿ ಒಬ್ಬರು ಪಾಯ ಹಾಕಿದ ವರ್ಷ ಹೇಳುತ್ತಾರೆ, ಇನ್ನೊಬ್ಬರು ಗೃಹಪ್ರವೇಶದ ವರ್ಷ ಹೇಳುತ್ತಾರಲ್ಲ, ಹಾಗೆ.

ಕೇಂದ್ರದಲ್ಲಿ ಈ ಕಾನೂನನ್ನು ನೋಡಿಕೊಳ್ಳುವುದು ಎ.ಟಿ.ಎಫ್. ಎಂಬ ಸಂಸ್ಥೆ. ಮದ್ಯ, ತಂಬಾಕು, ಬಂದೂಕು, ಸ್ಫೋಟಕ ಈ ನಾಲ್ಕೂ ಅದರ ಪಾಲಿಗೆ ಬಂದಿವೆ. ಪುರಾತನ ಕೋವಿಯ ವಿಚಾರದಲ್ಲಿ ಅದು ಪಾಯದ ಲೆಕ್ಕ ಹಿಡಿಯಿತು. ರಿವಾಲ್ವರಿನ ಚೌಕಟ್ಟು ಅಥವಾ ರೈಫಲ್ಲಿನ ರಿಸೀವರು, ಅಂದರೆ ಉಳಿದೆಲ್ಲ ಭಾಗಗಳು ಬಂದು ಕೂರುವ ಆ ಮುಖ್ಯ ಲೋಹದ ತುಂಡು, ಯಾವಾಗ ತಯಾರಾಯಿತು ಎನ್ನುವುದೇ ಅಲ್ಲಿ ಲೆಕ್ಕ. ಸ್ಮಿತ್ ಅಂಡ್ ವೆಸನ್ ಕಂಪನಿಯ .44 ಡಬಲ್ ಆ್ಯಕ್ಷನ್ ರಿವಾಲ್ವರು 1913ರ ತನಕ ಮಾರಾಟದ ಪಟ್ಟಿಯಲ್ಲಿತ್ತು. ಆದರೆ ಅದರ ಚೌಕಟ್ಟುಗಳೆಲ್ಲ 1899ಕ್ಕೆ ಮುಂಚೆಯೇ ತಯಾರಾಗಿದ್ದವು. ಹಾಗಾಗಿ 1910ರಲ್ಲಿ ಜೋಡಿಸಿ ಪೆಟ್ಟಿಗೆಗೆ ಹಾಕಿದ್ದು ಕೂಡ ಕೇಂದ್ರದ ಲೆಕ್ಕದಲ್ಲಿ ಪುರಾತನ.

ಇದಕ್ಕಿಂತ ಸೋಜಿಗದ್ದು ಫಿನ್‌ಲೆಂಡಿನ ಎಂ-39 ರೈಫಲ್ಲು. ಆ ಪುಟ್ಟ ದೇಶದ ಸೈನ್ಯ ತನ್ನ ರೈಫಲ್ಲುಗಳಿಗೆ ರಿಸೀವರುಗಳನ್ನು ತಾನು ತಯಾರಿಸಲಿಲ್ಲ. ಜಾರ್ ಚಕ್ರವರ್ತಿಗಳ ಕಾಲದ ರಷ್ಯನ್ ರೈಫಲ್ಲುಗಳ ರಿಸೀವರು ತೆಗೆದು, ಅದಕ್ಕೆ ಹೊಸ ನಳಿಗೆ, ಹೊಸ ಮರ ಕೂಡಿಸಿತು. ಹಾಗೆ ಎರಡನೇ ಮಹಾಯುದ್ಧದ ನಡುವೆ ತಯಾರಾದ ಈ ರೈಫಲ್ಲಿನ ನಳಿಗೆಯ ಮೇಲೆ 1942 ಎಂದಿರಬಹುದು. ಮರ ಬಿಚ್ಚಿ ರಿಸೀವರಿನ ಹಿಂದಿನ ಪಟ್ಟಿಯ ಅಡಿ ನೋಡಿದರೆ 1895 ಎಂದೂ ಇರಬಹುದು. ಹಾಗಿದ್ದರೆ ಅದು ಪುರಾತನ ವಸ್ತು. ಸ್ಟಾಲಿನ್ನನ ಸೈನ್ಯದ ಮೇಲೆ ಗುಂಡು ಹಾರಿಸಿದ ರೈಫಲ್ಲು ಕಾನೂನಿನ ಕಣ್ಣಿಗೆ ವಸ್ತುಸಂಗ್ರಹಾಲಯದ ಸರಕು. 1899ರಲ್ಲಿ ತಯಾರಾಗಿ ಒಂದು ಗುಂಡನ್ನೂ ಹಾರಿಸದೆ ಕಪಾಟಿನಲ್ಲೇ ಮುದಿಯಾದದ್ದು ಆಯುಧ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಕೋವಿಯ ಮೇಲೆ ತಯಾರಕನ ಹೆಸರು, ಊರು, ಕ್ರಮಸಂಖ್ಯೆ, ನಳಿಗೆಯ ಅಳತೆ ಎಲ್ಲವೂ ಇರಬೇಕು ಎನ್ನುತ್ತವೆ ಕೇಂದ್ರದ ನಿಯಮಗಳು. ತಯಾರಾದ ದಿನಾಂಕ ಇರಬೇಕು ಎನ್ನುವುದಿಲ್ಲ. ಎಲ್ಲ ಕೋವಿಗಳಿಗೂ ಕ್ರಮಸಂಖ್ಯೆ ಕಡ್ಡಾಯವಾದದ್ದೂ 1968ರಲ್ಲಿಯೇ. ದಿನಾಂಕದ ಮೇಲೆ ಕಾನೂನು ನಿಲ್ಲಿಸಿದವರು ಆ ದಿನಾಂಕವನ್ನು ಬರೆದಿಡುವ ಹೊಣೆಯನ್ನು ಯಾರ ಹೆಗಲಿಗೂ ಹಾಕಲಿಲ್ಲ. ನನಗೆ ಇಡೀ ಗೊಂದಲದ ಬೇರು ಇಲ್ಲೇ ಇದೆ ಅನಿಸುತ್ತದೆ. ಆ ಹೊಣೆ ಈಗ ಬಿದ್ದಿರುವುದು ಸಂಗ್ರಹಕಾರರು ಸೇರಿಸಿದ ಪಟ್ಟಿಗಳ ಮೇಲೆ, ಕಾರ್ಖಾನೆಗಳ ಹಳೆಯ ಖಾತೆ ಪುಸ್ತಕಗಳ ಮೇಲೆ. ಕೋಲ್ಟ್ ಕಂಪನಿಯ ಸಿಂಗಲ್ ಆ್ಯಕ್ಷನ್ ಆರ್ಮಿ ರಿವಾಲ್ವರಿನ ಕ್ರಮಸಂಖ್ಯೆ ಸುಮಾರು 1,82,000ಕ್ಕಿಂತ ಕಡಿಮೆಯಿದ್ದರೆ ಅದು ಪುರಾತನ ಎನ್ನುವುದು ಸಂಗ್ರಹಕಾರರ ನಡುವಿನ ರೂಢಿ. ಕಂಪನಿಯ ದಾಖಲೆಯಿಂದ ಪತ್ರ ತರಿಸಿಕೊಂಡರೂ ಅದರಲ್ಲಿರುವುದು ರವಾನೆಯ ದಿನಾಂಕ. ಕಾರ್ಖಾನೆ ಬಿಟ್ಟ ದಿನ ತಿಳಿಯುತ್ತದೆ, ಹುಟ್ಟಿದ ದಿನವಲ್ಲ. ಮೊಕದ್ದಮೆ ಆದರೆ, ಇದು ಪುರಾತನದ್ದು ಎಂಬ ವಾದವನ್ನು ಆಧಾರಸಮೇತ ಎತ್ತಬೇಕಾದವನು ಆರೋಪಿಯೇ ಎಂದು ಹಲವು ಕೇಂದ್ರ ಮೇಲ್ಮನವಿ ನ್ಯಾಯಾಲಯಗಳು ಹೇಳಿವೆ.

ಇನ್ನು ರಾಜ್ಯಗಳ ಕಡೆ ಬರೋಣ. ಟೆಕ್ಸಸ್ 1899ಕ್ಕೆ ಮುಂಚಿನದು ಎನ್ನುತ್ತದೆ, ಕೇಂದ್ರಕ್ಕೆ ಹೊಂದುತ್ತದೆ. ಫ್ಲಾರಿಡಾ 1918 ಎನ್ನುತ್ತದೆ. ಅಂದರೆ 1910ರ ಕೋವಿ ಫ್ಲಾರಿಡಾ ರಾಜ್ಯದ ಮಟ್ಟಿಗೆ ಪುರಾತನ ಆಗಬಹುದು, ಅದೇ ನೆಲದ ಮೇಲೆ ಕೇಂದ್ರಕ್ಕೆ ಆಯುಧವಾಗಿಯೇ ಇರುತ್ತದೆ. ಶಿಕ್ಷೆಯಾಗಿ ಹೊರಬಂದ ಒಬ್ಬ ಅಪರಾಧಿ ಅದನ್ನು ಇಟ್ಟುಕೊಂಡರೆ ರಾಜ್ಯದ ಪೊಲೀಸರು ಬಿಟ್ಟರೂ ಕೇಂದ್ರದವರು ಬಿಡುವುದಿಲ್ಲ.

ಕ್ಯಾಲಿಫೋರ್ನಿಯಾದ್ದು ಇನ್ನೂ ತಮಾಷೆ. ಅಲ್ಲಿನ ದಂಡ ಸಂಹಿತೆಯ ಒಂದೇ ಕಲಮಿನಲ್ಲಿ ಪುರಾತನ ಕೋವಿಗೆ ಮೂರು ಅರ್ಥಗಳಿವೆ. ಸೇನಾ ಶೈಲಿಯ ದಾಳಿ ರೈಫಲ್ಲುಗಳ ನಿಷೇಧಕ್ಕೆ ಒಂದು ಅರ್ಥ, ಮಾರಾಟದ ನಿಯಮಗಳಿಗೆ ಇನ್ನೊಂದು, ನಳಿಗೆ ಕತ್ತರಿಸಿದ ಕೋವಿಯಂಥವಕ್ಕೆ ಮತ್ತೊಂದು. ಇದಕ್ಕೆ ಕೇಂದ್ರವೂ ಸ್ವಲ್ಪ ಕಾರಣ, ಏಕೆಂದರೆ ಅಲ್ಲಿಯೇ ಎರಡು ಅರ್ಥಗಳಿವೆ. 1968ರ ಕಾಯ್ದೆಗೆ 1898 ಇದ್ದರೆ ಸಾಕು. ಮಶೀನ್ ಗನ್ನು, ಮೊಟಕು ನಳಿಗೆಯ ಕೋವಿ ಇತ್ಯಾದಿಗಳಿಗೆ ಸಂಬಂಧಿಸಿದ 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟಿನ ಕೆಳಗೆ ಬರೀ ಇಸವಿ ಸಾಲದು. ಆ ಕೋವಿ ಇವತ್ತಿನ ರೀತಿಯ ಕಾಡತೂಸು ಬಳಸುವಂಥದ್ದಾಗಿದ್ದರೆ, ಆ ಕಾಡತೂಸು ಅಮೆರಿಕದಲ್ಲಿ ತಯಾರಾಗುವುದು ನಿಂತಿರಬೇಕು, ಪೇಟೆಯಲ್ಲಿ ಸುಲಭವಾಗಿ ಸಿಗದಂತಿರಬೇಕು.

ನ್ಯೂಯಾರ್ಕ್ ಇಸವಿಯ ಗೊಡವೆಗೇ ಹೋಗಲಿಲ್ಲ. ಕೈಕೋವಿಗಳ ಮಟ್ಟಿಗೆ ಅದು ಕೇಳುವುದು ಬೇರೆಯೇ ಪ್ರಶ್ನೆಗಳನ್ನು. ಬಾಯಿಯಿಂದ ಮದ್ದು ತುಂಬುವ, ಚಕಮಕಿ ಕಲ್ಲು ಅಥವಾ ಕೇಪು ಬಳಸುವ ಪಿಸ್ತೂಲೇ? ಹಾಗಾದರೆ ಖಾಲಿ ಇರುವ ತನಕ ಪುರಾತನ. ಕಾಡತೂಸು ಬಳಸುತ್ತದೆಯೇ? ಆ ಕಾಡತೂಸು ಸಾಮಾನ್ಯ ವ್ಯಾಪಾರದಲ್ಲಿ ಸಿಗುವುದು ನಿಂತಿದ್ದರೆ ಮಾತ್ರ ಪುರಾತನ. ಈ ಎರಡನೆಯ ಪ್ರಶ್ನೆಯ ಮುಂದೆ ಆ ಸ್ಮಿತ್ ಅಂಡ್ ವೆಸನ್ .44 ರಿವಾಲ್ವರನ್ನು ಇಟ್ಟು ನೋಡಿ. ಅದು ಬಳಸುವ .44 ರಷ್ಯನ್ ಕಾಡತೂಸು ಒಮ್ಮೆ ಪೇಟೆಯಿಂದ ಮರೆಯಾಗಿತ್ತು. ಕೌಬಾಯ್ ವೇಷ ತೊಟ್ಟು ಹಳೆಯ ಕೋವಿಗಳಿಂದ ಗುರಿ ಹೊಡೆಯುವ ಆಟ ಜನಪ್ರಿಯವಾದದ್ದೇ ತಡ, ಕಂಪನಿಗಳು ಅದನ್ನು ಮತ್ತೆ ತಯಾರಿಸತೊಡಗಿದವು. ಮಾಲೀಕ ಏನೂ ಮಾಡಲಿಲ್ಲ, ರಿವಾಲ್ವರು ಕಪಾಟು ಬಿಟ್ಟು ಅಲುಗಲಿಲ್ಲ. ಎಲ್ಲೋ ಒಂದು ಕಾರ್ಖಾನೆ ಹಳೆಯ ಅಳತೆಯ ಕಾಡತೂಸು ಮಾಡಿದ ಕೂಡಲೇ ಅವನ ಪುರಾತನ ವಸ್ತು ಪರವಾನಗಿ ಬೇಡುವ ಆಯುಧವಾಯಿತು. ಕೇಂದ್ರಕ್ಕೆ ಮಾತ್ರ ಅದು ಈಗಲೂ ಕೋವಿಯಲ್ಲ.

ಆದರೂ ನಾನು ನ್ಯೂಯಾರ್ಕಿನ ತರ್ಕಕ್ಕೇ ಮನ ಒಲಿಯುವವನು. 1890ರ ಕೋಲ್ಟ್ ರಿವಾಲ್ವರಿಗೆ ಇವತ್ತು ಅಂಗಡಿಯಲ್ಲಿ .45 ಕಾಡತೂಸು ಸಿಗುತ್ತದೆ. ಆ ಗುಂಡು ತಗುಲಿದವನಿಗೆ ಕೋವಿಯ ವಯಸ್ಸು ಕಟ್ಟಿಕೊಂಡು ಏನಾಗಬೇಕು? ವಯಸ್ಸಿಗಿಂತ ಶಕ್ತಿ ನೋಡುವುದು ಸರಿಯೆಂದೇ ನನ್ನ ಎಣಿಕೆ. ಆದರೆ ಆ ಶಕ್ತಿ ಪೇಟೆಯ ಏರಿಳಿತದ ಮೇಲೆ ನಿಂತಾಗ, ಮಾಲೀಕನಿಗೆ ಯಾರು ತಿಳಿಸುತ್ತಾರೆ?

ನ್ಯೂಜೆರ್ಸಿಯಲ್ಲಿ ನಡೆದದ್ದು ಕೇಳಿ. ಅಲ್ಲಿನ ಕಾನೂನು ಪುರಾತನ ಕೋವಿ ಎಂದು ಹೇಳುವಾಗ ರೈಫಲ್ಲು, ಶಾಟ್‌ಗನ್ನುಗಳ ಹೆಸರು ಹೇಳುತ್ತದೆ. ಕಾಡತೂಸು ಬಳಸುವವು 1898ಕ್ಕೆ ಮುಂಚೆ ತಯಾರಾಗಿರಬೇಕು ಎನ್ನುತ್ತದೆ. ಕೇಂದ್ರ 1898ನ್ನು ಒಳಗೆ ಸೇರಿಸಿಕೊಂಡಿತು, ನ್ಯೂಜೆರ್ಸಿ ಹೊರಗಿಟ್ಟಿತು. ನಡುವೆ ಒಂದು ಇಡೀ ವರ್ಷ ತ್ರಿಶಂಕುವಾಯಿತು. ಪಿಸ್ತೂಲಿನ ಹೆಸರು ಮಾತ್ರ ಆ ವಿವರಣೆಯಲ್ಲಿ ಇಲ್ಲ. 2014ರ ನವೆಂಬರಿನಲ್ಲಿ ಒಬ್ಬ ನಿವೃತ್ತ ಶಿಕ್ಷಕರ ಕಾರಿನಲ್ಲಿ ಹದಿನೆಂಟನೇ ಶತಮಾನದ ಚಕಮಕಿ ಪಿಸ್ತೂಲು ಸಿಕ್ಕಿತು. ಜಾರ್ಜ್ ವಾಷಿಂಗ್ಟನ್ನರ ಕಾಲದ್ದು, ಮದ್ದು ತುಂಬಿರಲಿಲ್ಲ. ಆದರೂ ಪರವಾನಗಿಯಿಲ್ಲದೆ ಕೈಕೋವಿ ಇಟ್ಟುಕೊಂಡ ಆರೋಪ ಬಂತು. ಹತ್ತು ವರ್ಷದ ತನಕ ಸೆರೆವಾಸ ಆಗಬಹುದಾದ ಆರೋಪ ಅದು. ಸುದ್ದಿ ದೇಶವಿಡೀ ಹಬ್ಬಿ, ಗದ್ದಲವಾಗಿ, 2015ರ ಆರಂಭದಲ್ಲಿ ಸರ್ಕಾರಿ ವಕೀಲರು ಮೊಕದ್ದಮೆ ಕೈಬಿಟ್ಟರು. ಅವರು ಬಚಾವಾದರು. ಕಾನೂನಿನ ಮಾತು ಅವರನ್ನು ಬಚಾವು ಮಾಡಿದ್ದಲ್ಲ, ಪತ್ರಿಕೆ ಮತ್ತು ಟಿ.ವಿ.ಗಳು.

ಕೇಂದ್ರದ ಕಾನೂನು ಇಂಥವರ ನೆರವಿಗೆ ಬರುವುದಿಲ್ಲವೇ? ಇಲ್ಲಿದೆ ಇನ್ನೊಂದು ವಿಚಿತ್ರ. 1986ರ ಒಂದು ಕೇಂದ್ರ ಕಾಯ್ದೆ ಪ್ರಯಾಣಿಕರಿಗೆ ರಕ್ಷಣೆ ಕೊಡುತ್ತದೆ. ಕೋವಿ ಇಟ್ಟುಕೊಳ್ಳಲು ಹಕ್ಕಿರುವ ಒಂದು ರಾಜ್ಯದಿಂದ ಹಕ್ಕಿರುವ ಇನ್ನೊಂದಕ್ಕೆ ಹೋಗುವಾಗ, ಖಾಲಿ ಮಾಡಿ, ಕೈಗೆ ಸಿಗದಂತೆ ಇಟ್ಟುಕೊಂಡರೆ ನಡುವಿನ ರಾಜ್ಯ ತಡೆಯುವಂತಿಲ್ಲ. ಆದರೆ ಆ ಕಲಮಿನ ಮಾತು ಕೋವಿಗೆ ಅನ್ವಯಿಸುತ್ತದೆ, ಮತ್ತು ಅದೇ ಅಧ್ಯಾಯದ ಆರಂಭದಲ್ಲಿ ಪುರಾತನ ಕೋವಿ ಕೋವಿಯಲ್ಲ ಎಂದಿದೆ. ಅಕ್ಷರಶಃ ಓದಿದರೆ ಹೊಸ ಪಿಸ್ತೂಲು ಹೊತ್ತ ಪ್ರಯಾಣಿಕನಿಗೆ ಇರುವ ರಕ್ಷಣೆ, ಮುತ್ತಜ್ಜನ ಪಿಸ್ತೂಲು ಹೊತ್ತವನಿಗೆ ಇಲ್ಲ. ರಿಯಾಯಿತಿಯೇ ಅವನಿಗೆ ಮುಳುವಾಯಿತು.

ಕೇಂದ್ರ ದೊಡ್ಡದು, ರಾಜ್ಯ ಚಿಕ್ಕದು, ಚಿಕ್ಕದು ಬಾಗಬೇಕಲ್ಲ ಎಂದು ನಮಗೆ ತೋರಬಹುದು. ಕೇಂದ್ರದ ಕಾಯ್ದೆಯೇ ಹಾಗೆ ಬಯಸಲಿಲ್ಲ. ಎರಡೂ ಒಟ್ಟಿಗೆ ನಿಲ್ಲಲಾಗದಂಥ ನೇರ ವಿರೋಧವಿದ್ದರೆ ಮಾತ್ರ ರಾಜ್ಯದ ಕಾನೂನು ಬೀಳುತ್ತದೆ, ಉಳಿದಂತೆ ಈ ಕ್ಷೇತ್ರವನ್ನು ನಾವು ಪೂರ್ತಿ ಆವರಿಸುವುದಿಲ್ಲ ಎಂದು 1968ರಲ್ಲಿಯೇ ಬರೆದಿಟ್ಟಿದ್ದಾರೆ. ಕೇಂದ್ರವು ಪುರಾತನ ಎಂದರೆ ನನಗೆ ಇದು ಸಂಬಂಧಿಸಿದ್ದಲ್ಲ ಎಂದರ್ಥ. ಇಟ್ಟುಕೊಳ್ಳಲು ಅಪ್ಪಣೆ ಕೊಟ್ಟಿತೆಂದು ಅರ್ಥವಲ್ಲ. ಆ ಮೌನವನ್ನು ಅಪ್ಪಣೆಯೆಂದು ತಿಳಿದವರು ರಾಜ್ಯದ ಗಡಿ ದಾಟಿದಾಗ ಸಿಕ್ಕಿಬೀಳುತ್ತಾರೆ.

ನಮ್ಮಲ್ಲಿ ಈ ಜಗಳ ಈ ರೂಪದಲ್ಲಿ ಹುಟ್ಟಲಾರದು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಆಯುಧ, ಬಂದೂಕು, ಮದ್ದುಗುಂಡುಗಳು ಕೇಂದ್ರ ಪಟ್ಟಿಯಲ್ಲಿವೆ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ ಕೂಡ ಕೇಂದ್ರದ ಅಧಿಸೂಚನೆಯಿಂದಲೇ ಬಂದದ್ದು; 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದರು. ಮೇಲಾಗಿ ನಮ್ಮ 1959ರ ಆಯುಧ ಕಾಯ್ದೆ ಇಸವಿ ಕೇಳುವುದಿಲ್ಲ. ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಕೋವಿ ರಿಪೇರಿ ಮಾಡಿದರೂ ಗುಂಡು ಹಾರಿಸಲಾರದು ಎಂದಾದರೆ ಕಾಯ್ದೆಯಿಂದ ಹೊರಗೆ. ಹಾರಿಸಬಲ್ಲದಾದರೆ ಟಿಪ್ಪುವಿನ ಕಾಲದ್ದಾದರೂ ಒಳಗೆ. ನಮ್ಮ ಪರವಾನಗಿ ಕಚೇರಿಗಳ ವಿಳಂಬದ ಮಾತು ಬೇರೆ. ಈ ಒಂದು ವಾಕ್ಯದ ಮಟ್ಟಿಗೆ ಮಾತ್ರ ನಮ್ಮವರು ಚೆನ್ನಾಗಿಯೇ ಬರೆದಿದ್ದಾರೆ.

ಮತ್ತೆ ಅಮೆರಿಕಕ್ಕೆ. ಪುರಾತನ ಕೋವಿಯ ಜಗಳ ಸಂಗ್ರಹಕಾರರ ಜಗಳ. ದೊಡ್ಡ ಜಗಳ ನಡೆದದ್ದು ಇನ್ನೊಂದು ದಿನಾಂಕದ ಸುತ್ತ. 1994ರ ಸೆಪ್ಟೆಂಬರ್ 13ರಂದು ಬಿಲ್ ಕ್ಲಿಂಟನ್ ದಾಳಿ ರೈಫಲ್ಲುಗಳ ನಿಷೇಧಕ್ಕೆ ಸಹಿ ಹಾಕಿದರು. ಅಂದಿಗೆ ಕಾನೂನುಬದ್ಧವಾಗಿ ಜನರ ಬಳಿ ಇದ್ದವಕ್ಕೆ ನಿಷೇಧ ಅನ್ವಯಿಸಲಿಲ್ಲ. ಹಾಗಾದರೆ ಅಂದಿಗೆ ಇದ್ದದ್ದು ಏನು? ಬರೀ ರಿಸೀವರು ಇದ್ದರೆ ಸಾಲದು, ಆ ದಿನದ ಹೊತ್ತಿಗೆ ರೈಫಲ್ಲು ಪೂರ್ತಿ ಜೋಡಣೆಯಾಗಿರಬೇಕು ಅಥವಾ ಅದರ ಎಲ್ಲ ಭಾಗಗಳೂ ಒಟ್ಟಿಗೆ ಒಬ್ಬರ ಬಳಿ ಇರಬೇಕು ಎಂದಿತು ಎ.ಟಿ.ಎಫ್. ಫಿನ್‌ಲೆಂಡಿನ ರೈಫಲ್ಲಿಗೆ ಪಾಯದ ಲೆಕ್ಕ, ಇದಕ್ಕೆ ಗೃಹಪ್ರವೇಶದ ಲೆಕ್ಕ. ಸಂಸ್ಥೆ ಒಂದೇ. ಎರಡಕ್ಕೂ ಅದರದೇ ಸಮರ್ಥನೆ ಇತ್ತೆನ್ನಿ. ಮೊದಲನೆಯದರಲ್ಲಿ ಕೋವಿ ತಯಾರಾದ ಕಾಲ ಮುಖ್ಯ, ಎರಡನೆಯದರಲ್ಲಿ ನಿಷೇಧಿತ ರೂಪದಲ್ಲಿ ಅದು ಇತ್ತೇ ಎನ್ನುವುದು ಮುಖ್ಯ. ಆದರೆ ಕ್ರಮಸಂಖ್ಯೆ ನೋಡಿ ಕೊಳ್ಳುವ ಗಿರಾಕಿಗೆ ಈ ಸೂಕ್ಷ್ಮ ಎಲ್ಲಿ ತಿಳಿಯಬೇಕು? ಆ ಸಂಖ್ಯೆ ಹೇಳುವುದು ರಿಸೀವರಿನ ಹುಟ್ಟನ್ನು. ಆಮೇಲಿನ ಜೋಡಣೆಯ ಕಥೆ ಅದರಲ್ಲಿಲ್ಲ.

ಕೇಂದ್ರದ ಆ ನಿಷೇಧಕ್ಕೆ ಹತ್ತೇ ವರ್ಷ ಆಯುಸ್ಸು. 2004ರ ಸೆಪ್ಟೆಂಬರಿನಲ್ಲಿ ಅದು ತಾನಾಗಿ ಮುಗಿಯಿತು. ಮ್ಯಾಸಚೂಸೆಟ್ಸ್ ರಾಜ್ಯ 1998ರಲ್ಲಿಯೇ ಕೇಂದ್ರದ ವಿವರಣೆಯನ್ನು ತನ್ನ ಕಾನೂನಿಗೆ ಎತ್ತಿಕೊಂಡಿತ್ತು. 2004ರಲ್ಲಿ ಗವರ್ನರ್ ಮಿಟ್ ರಾಮ್ನಿ ಸಹಿ ಹಾಕಿ ಅದನ್ನು ಶಾಶ್ವತ ಮಾಡಿದರು. ಮೂಲ ಕಾನೂನು ಸತ್ತಿತು, ನಕಲು ಉಳಿಯಿತು. ಅದರ ಅರ್ಥ ಹೇಳಬೇಕಾಗಿದ್ದ ಕೇಂದ್ರದ ಸಂಸ್ಥೆಗೆ ಈಗ ಅದರಲ್ಲಿ ಕೆಲಸವಿಲ್ಲ. ಹಾಗಾಗಿ 1994ರ ಮಾತುಗಳಿಗೆ ಅರ್ಥ ಹೇಳುವ ಕೆಲಸ ರಾಜ್ಯದ ಅಟಾರ್ನಿ ಜನರಲ್ ಪಾಲಿಗೆ ಬಂತು.

2016ರ ಜುಲೈ 20ರಂದು ಆಗಿನ ಅಟಾರ್ನಿ ಜನರಲ್ ಮೌರಾ ಹೀಲಿ ಒಂದು ಸೂಚನೆ ಹೊರಡಿಸಿದರು. ಕಾನೂನಿನಲ್ಲಿ ಹೆಸರಿಸಿದ ರೈಫಲ್ಲುಗಳ ಪ್ರತಿರೂಪಗಳೂ ನಿಷಿದ್ಧ ಎಂಬ ಮಾತು ಮೊದಲಿನಿಂದ ಇತ್ತು. ಪ್ರತಿರೂಪ ಎಂದರೇನು ಎಂದು ಅವರು ಹೊಸದಾಗಿ ಬಿಡಿಸಿ ಹೇಳಿದರು: ಒಳಗಿನ ಕಾರ್ಯವಿಧಾನ ಒಂದೇ ಆಗಿದ್ದರೆ, ಅಥವಾ ಮುಖ್ಯ ಭಾಗಗಳು ಅದಲುಬದಲಾಗುವಂತಿದ್ದರೆ, ಅದು ಪ್ರತಿರೂಪ. ಅಲ್ಲಿಯ ತನಕ, ನಿಷೇಧಕ್ಕೆ ಸಿಗದಿರಲೆಂದು ಒಂದೆರಡು ಹೊರಗಿನ ಅಂಗಗಳನ್ನು ಕಳಚಿ ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಿದ್ದ ಸಾವಿರಾರು ರೈಫಲ್ಲುಗಳು ಈ ವ್ಯಾಖ್ಯೆಯೊಳಗೆ ಬಂದವು. ಆ ಮಾರಾಟಗಳೆಲ್ಲ ರಾಜ್ಯದ ದಾಖಲೆಯಲ್ಲೇ ಇದ್ದವು. ಈಗಾಗಲೇ ಕೊಂಡವರ ಮೇಲೆ ಕ್ರಮವಿಲ್ಲ ಎಂದು ಅದೇ ಸೂಚನೆ ಹೇಳಿತು. ಹೀಗೆ 1994ರ ಜತೆಗೆ 2016 ಎಂಬ ಇನ್ನೊಂದು ಗೆರೆ ಬಂತು. ಇದಕ್ಕೆ ಶಾಸನಸಭೆ ಮತ ಹಾಕಿರಲಿಲ್ಲ, ಒಂದು ಕಚೇರಿಯ ಸುತ್ತೋಲೆ ಸಾಕಾಯಿತು. ಉದ್ದೇಶ ಒಳ್ಳೆಯದೇ ಇರಬಹುದು. ಇಂಥ ಗೆರೆಯನ್ನು ಶಾಸನಸಭೆಯೇ ಎಳೆಯಬೇಕಿತ್ತು ಎನ್ನುವವರ ಪಕ್ಷ ನನ್ನದು.

ಎಂಟು ವರ್ಷದ ನಂತರ ಶಾಸನಸಭೆ ಆ ಕೆಲಸ ಮಾಡಿತು. ಅಷ್ಟರಲ್ಲಿ ಗವರ್ನರ್ ಆಗಿದ್ದ ಹೀಲಿಯವರೇ 2024ರ ಜುಲೈಯಲ್ಲಿ ಅದಕ್ಕೆ ಸಹಿ ಹಾಕಿದರು. ಹೊಸ ಕಾನೂನು ಕೋವಿ ಹುಟ್ಟಿದ ದಿನವನ್ನು ಹಿಡಿದುಕೊಂಡು ಕೂರಲಿಲ್ಲ. 2024ರ ಆಗಸ್ಟ್ 1ರಂದು ಅದು ಈ ರಾಜ್ಯದೊಳಗೆ, ಪರವಾನಗಿ ಇರುವ ಮಾಲೀಕನ ಅಥವಾ ವ್ಯಾಪಾರಿಯ ಬಳಿ, ಕಾನೂನುಬದ್ಧವಾಗಿ ಇತ್ತೇ ಎಂದು ಕೇಳುತ್ತದೆ. ಕಾರ್ಖಾನೆಯ ಖಾತೆ ಪುಸ್ತಕ ಹುಡುಕುವ ಬದಲು ಮಾಲೀಕ ತನ್ನ ಕೊಳ್ಳುವಿಕೆಯ ಕಾಗದ ತೋರಿಸಿದರಾಯಿತು. ಅದು ಕನಿಷ್ಠ ಪಕ್ಷ ಅವನ ಕೈಯಲ್ಲಿರುವ ಕಾಗದ. ಆದರೆ ಪಕ್ಕದ ನ್ಯೂ ಹ್ಯಾಂಪ್‌ಶೈರಿನಲ್ಲಿ ಅದೇ ದಿನ, ಅದೇ ಮಾದರಿಯ, ಅದೇ ವರ್ಷದ ರೈಫಲ್ಲು ಇಟ್ಟುಕೊಂಡಿದ್ದವನು ನಾಳೆ ನೌಕರಿಗೆಂದು ಬಾಸ್ಟನ್ನಿಗೆ ಮನೆ ಬದಲಿಸುವುದಾದರೆ, ಅದನ್ನು ಜತೆಗೆ ತರುವಂತಿಲ್ಲ.